ಇಲಿ ಬೀಳದ ಬೇನೆ

ಅವ್ವಾ ದುಗ್ಗಮ್ಮ,

ಹದ್ದು, ಕಾಗೆ, ಹೆಗ್ಗಣ, ಕೋತಿ ಇವುಗಳ ಪರವಾಗಿ ಒಂದು ಅರ್ಜಿ ತಂದಿದ್ದೇನೆ. ಅವು ಹರಕೆ ಹೊರುವುದಿಲ್ಲ, ನಿನಗೆ ಉಡಿ ತುಂಬುವುದಿಲ್ಲ, ಎರಡು ವರ್ಷಕ್ಕೊಮ್ಮೆ ಬರುವ ನಿನ್ನ ಜಾತ್ರೆಯಲ್ಲಿ ಬೇವಿನುಡುಗೆ ಉಟ್ಟು ಸಾಲಿನಲ್ಲಿ ನಿಲ್ಲುವುದಿಲ್ಲ. ಜಾತ್ರೆಯ ಮರುದಿನ ದಾವಣಗೆರೆಯ ಬೀದಿ ಬೀದಿಯಲ್ಲಿ ಉಳಿದ ಬಾಡೂಟದ ಎಲೆ, ಮೂಳೆ, ಕರುಳನ್ನು ಆರಿಸಿ ತಿಂದು ಊರನ್ನು ಅರ್ಧ ಹಸನು ಮಾಡುತ್ತವೆ. ಉಳಿದರ್ಧ ಪಾಲಿಕೆಯ ಗಾಡಿಯದು. ಇಂಥ ಜೀವಗಳ ಮೇಲೆ ಈಗ ಒಂದು ಆಪಾದನೆ ಬಂದಿದೆ. ಆಂಟಿಬಯೋಟಿಕ್ಕುಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವು ಊರೂರು ತಿರುಗುತ್ತಿವೆ ಎಂದು. ಆಪಾದನೆ ಸುಳ್ಳಲ್ಲ, ತಾಯಿ. ಆದರೆ ಹೊತ್ತವರು ಯಾರು, ಹೊರಿಸಿದವರು ಯಾರು ಎಂಬ ಲೆಕ್ಕ ನಿನ್ನ ಮುಂದೆ ಆಗಲಿ ಎಂದು ಬಂದಿದ್ದೇನೆ. ನಮ್ಮ ನಿಟ್ಟುವಳ್ಳಿಯಲ್ಲೇ ನಿನಗೊಂದು ಗುಡಿ ಇರುವಾಗ ಬೇರೆ ಕಚೇರಿ ಹುಡುಕಿಕೊಂಡು ಎಲ್ಲಿಗೆ ಹೋಗಲಿ?

ನಾನು ಲ್ಯಾಬಿನಲ್ಲಿ ದುಡಿದು ನಿವೃತ್ತಿಯಾದ ಜೀವ. ರೋಗಿಯ ಮೂತ್ರ, ಕೀವು, ರಕ್ತ ಬಂದರೆ ಅದರಲ್ಲಿನ ಬ್ಯಾಕ್ಟೀರಿಯಾವನ್ನು ಮೊದಲು ಬೆಳೆಸಿ, ಆಮೇಲೆ ಅಗಾರ್ ತಟ್ಟೆಯ ಮೇಲೆ ಹತ್ತಿಕಡ್ಡಿಯಿಂದ ಒಂದೇ ಸಮ ಸವರಿ, ಔಷಧ ಹೀರಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಅಲ್ಲಲ್ಲಿ ಇಟ್ಟು, ಇನ್‌ಕ್ಯುಬೇಟರಿನ ಬೆಚ್ಚಗಿನಲ್ಲಿ ರಾತ್ರಿಯಿಡೀ ಬಿಡುವುದು ನಮ್ಮ ಕೆಲಸ. ಬೆಳಗ್ಗೆ ತೆಗೆದರೆ, ಔಷಧ ಗೆದ್ದ ಬಿಲ್ಲೆಯ ಸುತ್ತ ಏನೂ ಬೆಳೆಯದ ದುಂಡನೆಯ ಬಯಲು ಇರುತ್ತದೆ, ನಿನ್ನ ಮುಖದ ಹಿಂದಿನ ಪ್ರಭಾವಳಿಯ ಹಾಗೆ. ಅದಕ್ಕೆ ಸ್ಕೇಲು ಹಿಡಿದು ಮಿಲಿಮೀಟರಿನಲ್ಲಿ ಅಳೆದು ಬರೆದುಕೊಳ್ಳುತ್ತಿದ್ದೆವು. ಸಿಪ್ರೊಫ್ಲಾಕ್ಸಾಸಿನ್ ಬಿಲ್ಲೆಯ ಪ್ರಭಾವಳಿ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಾ ಬಂದು, ಕೊನೆಗೆ ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿಗೇ ಒತ್ತಿಕೊಂಡು ಬೆಳೆದು ನಿಂತದ್ದನ್ನು ಈ ಕಣ್ಣಿಂದ ನೋಡಿದ್ದೇನೆ. ಡಾಕ್ಟರು ಫೋನಿನಲ್ಲಿ ‘ಏನಾದರೂ ಉಳಿದಿದೆಯೇನ್ರೀ?’ ಎಂದು ಕೇಳುವ ಧ್ವನಿ ಮೊದಮೊದಲು ಅವಸರದ್ದಾಗಿತ್ತು. ಬರುಬರುತ್ತ ಅದು ಅಳುಕಿನದಾಯಿತು.

ದೇಶದ ಲೆಕ್ಕವೂ ನಮ್ಮ ತಟ್ಟೆಯ ಲೆಕ್ಕಕ್ಕೆ ಹೊಂದುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೊಡ್ಡ ಆಸ್ಪತ್ರೆಗಳಿಂದ ಒಟ್ಟುಗೂಡಿಸುವ ವರದಿಯ ಪ್ರಕಾರ, 2017ರಲ್ಲಿ ಇ. ಕೋಲಿ ಬ್ಯಾಕ್ಟೀರಿಯಾದ ನೂರು ಮಾದರಿಗಳಲ್ಲಿ ಸುಮಾರು 81 ಇಮಿಪೆನೆಮ್ ಎಂಬ ಭಾರಿ ಔಷಧಕ್ಕೆ ಬಗ್ಗುತ್ತಿದ್ದವು. 2022ರ ಹೊತ್ತಿಗೆ ಅದು ಸುಮಾರು 66ಕ್ಕೆ ಇಳಿದಿತ್ತು. ಇಡೀ ಜಗತ್ತಿನಲ್ಲಿ 2019ರೊಂದೇ ವರ್ಷ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ ಸತ್ತವರು ಅಂದಾಜು 12.7 ಲಕ್ಷ. ಇಷ್ಟು ಮಂದಿ ನಿನ್ನಂಥ ಎಷ್ಟು ತಾಯಂದಿರ ಮಡಿಲಿಗೆ ಅರ್ಜಿ ಹಾಕಿದ್ದರೋ.

ಹದ್ದಿನ ವಿಷಯ ಮೊದಲು ಹೇಳುತ್ತೇನೆ. 2013ರಲ್ಲಿ ಜರ್ಮನಿಯ ಸಂಶೋಧಕರು ತಮ್ಮ ದೇಶದ ಒಂದು ಕಾಡು ಹದ್ದಿನಲ್ಲಿ ಸಿಕ್ಕ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಬಗ್ಗೆ ಬರೆದರು. ಅದರೊಳಗೆ ಎನ್‌ಡಿಎಂ-1 ಎಂಬ ಜೀನ್ ಕೂತಿತ್ತು. ಐಸಿಯುವಿನಲ್ಲಿ ಬೇರೆ ದಾರಿ ಮುಚ್ಚಿದಾಗ ಕೊಡುವ ಮೆರೊಪೆನೆಮ್, ಇಮಿಪೆನೆಮ್‌ಗಳನ್ನೇ ತುಂಡರಿಸುವ ಕಿಣ್ವವನ್ನು ತಯಾರಿಸುವ ಜೀನ್ ಅದು. ಹೆಸರಿನ ‘ಎನ್‌ಡಿ’ ಅಂದರೆ ನ್ಯೂ ಡೆಲ್ಲಿ. ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ ಭಾರತ ಮೂಲದ ರೋಗಿಯೊಬ್ಬರಲ್ಲಿ 2008ರಲ್ಲಿ ಅದು ಮೊದಲು ಸಿಕ್ಕಿತ್ತು. ಮೂರು ವರ್ಷ ಕಳೆಯುವಷ್ಟರಲ್ಲಿ ದೆಹಲಿಯ ನಲ್ಲಿ ನೀರಿನ ಮಾದರಿಗಳಲ್ಲೂ, ಬೀದಿಯಲ್ಲಿ ಮಡುಗಟ್ಟಿದ ನೀರಿನಲ್ಲೂ ಅದನ್ನು ಕಂಡವರು ವರದಿ ಮಾಡಿದರು. ಊರ ಹೆಸರನ್ನು ಕಾಯಿಲೆಗೆ ಅಂಟಿಸಿದರೆಂದು ದೆಹಲಿಯಲ್ಲಿ ದೊಡ್ಡ ಗದ್ದಲವಾಯಿತು. ಗದ್ದಲಕ್ಕೆ ಕಾರಣವಿತ್ತು, ಒಪ್ಪುತ್ತೇನೆ. ಆದರೆ ಗದ್ದಲ ನಡೆಯುತ್ತಿದ್ದಾಗಲೂ ನಲ್ಲಿಯಲ್ಲಿ ನೀರು ಬರುತ್ತಲೇ ಇತ್ತು.

ಜರ್ಮನಿಯ ಆ ಹದ್ದಿಗೆ ಯಾರೂ ಡ್ರಿಪ್ ಹಾಕಿರಲಿಲ್ಲ, ಯಾವ ಮೆಡಿಕಲ್ ಸ್ಟೋರಿನ ಮೆಟ್ಟಿಲನ್ನೂ ಅದು ಹತ್ತಿರಲಿಲ್ಲ. ನಿಟ್ಟುವಳ್ಳಿಯ ಮಟನ್ ಅಂಗಡಿಗಳ ಮೇಲೆ ಬೆಳಗ್ಗೆ ಹತ್ತರ ಬಿಸಿಲಿನಲ್ಲಿ ಸುತ್ತು ಹೊಡೆಯುವ ಹದ್ದೂ ಅದೇ ಜಾತಿಯದು. ಎಸೆದ ಕರುಳನ್ನು ನೆಲ ಮುಟ್ಟುವ ಮೊದಲೇ ಗಾಳಿಯಲ್ಲಿ ಹಿಡಿಯುವ ಅದರ ಚಳಕಕ್ಕೆ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ನಾನೂ ನಿಂತು ನೋಡುತ್ತೇನೆ. ಆ ಕರುಳಿನೊಳಗೆ ಏನಿತ್ತು ಎಂದು ಕೇಳುವ ಚಟ ಮಾತ್ರ ಲ್ಯಾಬು ಬಿಟ್ಟ ಮೇಲೂ ನನ್ನನ್ನು ಬಿಟ್ಟಿಲ್ಲ.

ಈಗ ಹೆಗ್ಗಣ. ಅವ್ವಾ, ಇಲಿ ಹೆಗ್ಗಣಗಳ ಭಾಷೆ ನಿನಗೆ ಹೊಸದಲ್ಲ. 1898ರಲ್ಲಿ ಪ್ಲೇಗು ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಇಳಿಯಿತೆಂದು ಆ ಕಾಲದ ದಾಖಲೆಗಳು ಹೇಳುತ್ತವೆ. ಆ ಹಳಿ ಹಾಯುವುದು ಹರಿಹರ, ದಾವಣಗೆರೆಗಳ ಮೇಲೆಯೇ. ‘ಇಲಿ ಬಿತ್ತು’ ಅನ್ನುವ ಒಂದು ಮಾತು ಆಗ ಸಾಕಾಗಿತ್ತು. ಅಟ್ಟದಿಂದ ಇಲಿ ತಿರುಗಿ ತಿರುಗಿ ಬಿದ್ದು ಸತ್ತರೆ, ಪಾತ್ರೆ ಪಗಡಿ ಗಾಡಿಗೆ ಹೇರಿ, ಊರ ಹೊರಗಿನ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಮನುಷ್ಯನಿಗಿಂತ ಮೊದಲು ತಾನು ಸತ್ತು ಇಲಿ ನಮಗೆ ನಾಲ್ಕು ದಿನದ ವ್ಯವಧಾನ ಕೊಡುತ್ತಿತ್ತು.

ಈ ಬೇನೆಯಲ್ಲಿ ಇಲಿ ಬೀಳುವುದಿಲ್ಲ. ನನ್ನ ನಿವೇದನೆಯ ನಡುಮಾತು ಇದು. ಇ. ಕೋಲಿಯಂಥ ಬ್ಯಾಕ್ಟೀರಿಯಾ ಮನುಷ್ಯನ, ದನದ, ಹಕ್ಕಿಯ, ಇಲಿಯ ಕರುಳಿನಲ್ಲಿ ತನ್ನ ಪಾಡಿಗೆ ಬದುಕಿಕೊಂಡಿರುವಂಥದ್ದು. ಮದ್ದಿಗೆ ಬಗ್ಗುವುದೋ ಬಗ್ಗದ್ದೋ, ಹೊತ್ತ ಪ್ರಾಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಹೆಗ್ಗಣ ದಷ್ಟಪುಷ್ಟವಾಗಿ ಚರಂಡಿಯ ಕಲ್ಲುಚಪ್ಪಡಿ ಕೆಳಗೆ ಸಂಸಾರ ಮಾಡಿಕೊಂಡಿರುತ್ತದೆ, ಕಾಗೆ ಎಂದಿನಂತೆ ಕೂಗುತ್ತದೆ. ಅದೇ ಬ್ಯಾಕ್ಟೀರಿಯಾ ಬಾಣಂತಿಯ ಮೂತ್ರಕೋಶಕ್ಕೋ, ಹೆರಿಗೆ ವಾರ್ಡಿನ ಹಸುಗೂಸಿನ ರಕ್ತಕ್ಕೋ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೋ ಹೊಕ್ಕ ದಿನವಷ್ಟೇ ತನ್ನ ಬಣ್ಣ ತೋರಿಸುವುದು. ಅಷ್ಟರೊಳಗೆ ಊರು ಬಿಡುವುದಾದರೂ ಎಲ್ಲಿಗೆ? ಗುಡಿಸಲು ಹಾಕುವ ಹೊಲದ ಪಕ್ಕದಲ್ಲೇ ಕೋಳಿ ಫಾರಂ ಇದೆ.

ಪ್ರಾಣಿಗಳಿಂದ ನಮಗೆ ಬಂತು ಎಂದು ಹೇಳುವವರಿಗೆ ಉತ್ತರ ಕೊಡಲು ದೂರದ ಸಾಕ್ಷಿಗಳನ್ನು ಕರೆದುಕೊಂಡು ಬಂದಿದ್ದೇನೆ. ಕೀನ್ಯಾ ದೇಶದ ಅಂಬೊಸೆಲಿ ಬಯಲಿನಲ್ಲಿ ಬಬೂನ್ ಕೋತಿಗಳ ಹಿಂಡುಗಳಿವೆ. 1985ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅವುಗಳ ಮಲವನ್ನು ಪರೀಕ್ಷಿಸಿದರು. ಮನುಷ್ಯರ ಸಹವಾಸವಿಲ್ಲದೆ ಕಾಡಿನ ಗೆಡ್ಡೆ, ಹುಲ್ಲು ತಿಂದುಕೊಂಡಿದ್ದ ಹಿಂಡುಗಳಲ್ಲಿ ಔಷಧ ನಿರೋಧಕ ಬ್ಯಾಕ್ಟೀರಿಯಾ ತೀರ ಕಡಿಮೆ. ಪ್ರವಾಸಿಗಳ ವಸತಿಗೃಹದ ತಿಪ್ಪೆಯಲ್ಲಿ ದಿನಾ ಮೇಯುತ್ತಿದ್ದ ಹಿಂಡಿನಲ್ಲಿ ಎದ್ದು ಕಾಣುವಷ್ಟು ಹೆಚ್ಚು. ಕೋತಿ ಒಂದೇ, ಬಯಲು ಒಂದೇ, ಮಳೆ ಒಂದೇ. ಬೇರೆಯಾಗಿದ್ದದ್ದು ತಿಪ್ಪೆ.

1999ರಲ್ಲಿ ಇಂಗ್ಲೆಂಡಿನ ಕಾಡಿಲಿಗಳಲ್ಲಿ, ಮದ್ದನ್ನು ಮೂಸಿಯೂ ನೋಡದ ಇಲಿಗಳಲ್ಲಿ, ನಿರೋಧಕತೆ ಧಾರಾಳವಾಗಿ ಸಿಕ್ಕಿತು. ಜನ ಬೆಚ್ಚಿದರು. ಹಾಗಾದರೆ ಔಷಧವನ್ನು ಹಿಡಿತದಲ್ಲಿಟ್ಟೂ ಪ್ರಯೋಜನವಿಲ್ಲವೇ ಎಂಬ ಪ್ರಶ್ನೆ ಎದ್ದಿತು. ಎರಡು ವರ್ಷ ಬಿಟ್ಟು ಫಿನ್ಲೆಂಡಿನವರು ತಮ್ಮ ಕಾಡಿನ ಕಡವೆಜಾತಿಯ ದೊಡ್ಡ ಮೃಗಗಳನ್ನೂ, ಜಿಂಕೆಗಳನ್ನೂ, ಕಾಡಿಲಿಗಳನ್ನೂ ಪರೀಕ್ಷಿಸಿ, ನಮ್ಮಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎಂದರು. ಎರಡೂ ನಿಜವೇ. ಇಂಗ್ಲೆಂಡಿನ ಇಲಿ ಇದ್ದದ್ದು ಮನೆ, ಹೊಲ, ಕೊಟ್ಟಿಗೆಗಳ ನೆರೆಯಲ್ಲಿ. ಫಿನ್ಲೆಂಡಿನ ಕಾಡು ನಿಜವಾಗಿಯೂ ಕಾಡು. ಪ್ರಾಣಿ ಎಷ್ಟು ಕಾಡಿನದು ಎಂಬುದಕ್ಕಿಂತ ನಮ್ಮ ಹಿತ್ತಿಲಿಗೆ ಎಷ್ಟು ಹತ್ತಿರ ಎಂಬುದೇ ಲೆಕ್ಕಕ್ಕೆ ಬರುತ್ತದೆ ಎಂದು ನಾನು ಓದಿಕೊಂಡಿದ್ದೇನೆ.

ನೈರೋಬಿ ನಗರದಲ್ಲಿ ಮನೆ ಮನೆಗೆ ಹೋಗಿ, ಮನುಷ್ಯರು, ಸಾಕುಪ್ರಾಣಿಗಳು, ಅಲ್ಲೇ ಸುತ್ತಾಡುವ ಇಲಿ, ಹಕ್ಕಿ, ಬಾವಲಿಗಳೆಲ್ಲವನ್ನೂ ಒಟ್ಟಿಗೆ ಪರೀಕ್ಷಿಸಿದವರ ವರದಿ 2019ರಲ್ಲಿ ಬಂತು. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚಾಗಿದ್ದದ್ದು ಮನುಷ್ಯರಲ್ಲಿ ಮತ್ತು ಅವರ ದನ ಕೋಳಿಗಳಲ್ಲಿ. ಕಾಡುಜೀವಿಗಳ ಪಾಲು ಅದಕ್ಕಿಂತ ಕಡಿಮೆ. ಕಸ, ಗೊಬ್ಬರದ ರಾಶಿಯ ಹತ್ತಿರ ಬದುಕುವ ಇಲಿಗೂ ಕಾಳು ತಿನ್ನುವ ಹಕ್ಕಿಗೂ ನಮ್ಮಿಂದ ಹರಿದು ಹೋಗಿದೆ, ಅಷ್ಟೆ. ಅವ್ವಾ, ಸಾಲಗಾರ ಯಾರೆಂದು ಇನ್ನು ಕೇಳಬೇಡ.

ಒಂದು ವಾದವಿದೆ, ಅದನ್ನೂ ಮುಚ್ಚಿಡುವುದಿಲ್ಲ. ನಿರೋಧಕತೆ ನಮ್ಮ ಔಷಧ ಕಂಪನಿಗಳಿಗಿಂತ ಬಲು ಹಳೆಯದು. 30,000 ವರ್ಷ ಹಳೆಯ ಹೆಪ್ಪುಗಟ್ಟಿದ ಮಣ್ಣಿನಲ್ಲಿ ಅದರ ಜೀನುಗಳು ಸಿಕ್ಕಿವೆ, 2011ರಲ್ಲಿ. ಯುರೋಪಿನ ಮುಳ್ಳುಹಂದಿಯಂಥ ಪುಟ್ಟ ಹೆಜ್‌ಹಾಗ್ ಪ್ರಾಣಿಯ ಚರ್ಮದಲ್ಲಿ ಒಂದು ಬೂಷ್ಟು ಬೆಳೆಯುತ್ತದೆ. ಅದು ಪೆನಿಸಿಲಿನ್ ಜಾತಿಯ ರಸ ಒಸರುವುದರಿಂದ, ಅದರ ಜತೆ ಬಾಳುವ ಸ್ಟಫೈಲೊಕಾಕಸ್ ಬ್ಯಾಕ್ಟೀರಿಯಾ ಸುಮಾರು ಇನ್ನೂರು ವರ್ಷಗಳ ಹಿಂದೆಯೇ, ಅಂದರೆ ನಾವು ಪೆನಿಸಿಲಿನ್ ಕಂಡುಹಿಡಿಯುವುದಕ್ಕೆ ಬಹಳ ಮುಂಚೆಯೇ, ಮೆಥಿಸಿಲಿನ್ನಿಗೂ ಬಗ್ಗದ ವಿದ್ಯೆ ಕಲಿತಿತ್ತು ಎಂದು 2022ರಲ್ಲಿ ತೋರಿಸಿಕೊಟ್ಟರು. ಹಾಗಾದರೆ ನಮ್ಮ ತಪ್ಪೇನು ಎಂದು ಕೆಲವರು ಇದನ್ನೇ ಹಿಡಿದು ಜಾರಿಕೊಳ್ಳುತ್ತಾರೆ. ಮಣ್ಣಿನಲ್ಲಿ ವಿದ್ಯೆ ಇತ್ತು, ಸರಿ. ಅದಕ್ಕೆ ಪಾಠಶಾಲೆ ತೆರೆದು, ಊಟ ಹಾಕಿ, ಊರೂರಿಗೆ ಕಳಿಸಿದವರು ನಾವು.

ಕಳಿಸಿದ ಬಗೆಯನ್ನೂ ಹೇಳುತ್ತೇನೆ, ಕೇಳು. ಇದರಲ್ಲಿ ನಿನ್ನ ಹೆಸರಿಗೆ ಹತ್ತಿರದ ಒಬ್ಬರು ಬರುತ್ತಾರೆ, ನಗಬೇಡ. ಬೆಂಜಮಿನ್ ಡಗ್ಗರ್ ಎಂಬ ಸಸ್ಯವಿಜ್ಞಾನಿ ಅಮೆರಿಕದ ಲೆಡರ್ಲಿ ಕಂಪನಿಯಲ್ಲಿ, ಮಿಸೌರಿಯ ಹೊಲದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯೊಂದರಿಂದ ಆರಿಯೊಮೈಸಿನ್ ಔಷಧ ತೆಗೆದರು. 1948ರಲ್ಲಿ ಅದು ಲೋಕಕ್ಕೆ ತಿಳಿಯಿತು. ಆ ಕಂಪನಿಯ ಸಂಶೋಧನೆಯನ್ನು ನಡೆಸುತ್ತಿದ್ದವರು ನಮ್ಮ ನೆರೆಯ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್. ಔಷಧ ತೆಗೆದ ಮೇಲೆ ಉಳಿದ ಚರಟವನ್ನು ಕೋಳಿಮರಿಗಳಿಗೆ ಹಾಕಿ ನೋಡಿದ ಅದೇ ಕಂಪನಿಯ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್, ಮರಿಗಳು ಬೇಗ ದಪ್ಪಗಾಗುವುದನ್ನು ಕಂಡು 1950ರಲ್ಲಿ ಜಗತ್ತಿಗೆ ಸಾರಿದರು. ರೋಗಕ್ಕೆಂದು ಹುಟ್ಟಿದ ಮದ್ದು ಎರಡೇ ವರ್ಷದಲ್ಲಿ ತೂಕಕ್ಕೆಂದು ತೊಟ್ಟಿಗೆ ಬಿತ್ತು.

ಆ ತೊಟ್ಟಿ ನಮ್ಮ ಸೀಮೆಗೂ ಬಂದಿದೆ. ದಾವಣಗೆರೆ ಜಿಲ್ಲೆಯ ಹೊಲಗಳಲ್ಲಿ ಈಗ ಎತ್ತ ನೋಡಿದರೂ ಮೆಕ್ಕೆಜೋಳ. ಒಂದು ಕಾಲಕ್ಕೆ ಹತ್ತಿ ಬೆಳೆದು ಮಿಲ್ಲುಗಳಿಗೆ ಕೊಟ್ಟ ನೆಲ. ಮೆಕ್ಕೆಜೋಳದ ದೊಡ್ಡ ಪಾಲು ಕೋಳಿಯ ಫೀಡ್ ಆಗುತ್ತದೆ. ಫೀಡಿನ ಜತೆ ಆಂಟಿಬಯೋಟಿಕ್ ಬೆರೆಸುವುದು ಈ ದೇಶದ ಕೋಳಿ ಉದ್ಯಮದಲ್ಲಿ ಗುಟ್ಟಿನ ಸಂಗತಿಯೇನಲ್ಲ. ಮನುಷ್ಯನಿಗೆ ಕೊಟ್ಟಕೊನೆಯ ಮದ್ದಾದ ಕೊಲಿಸ್ಟಿನ್ ಅನ್ನೇ ಕೋಳಿ, ಮೀನುಗಳಿಗೆ ಹಾಕುತ್ತಿದ್ದರು. ಕೊಲಿಸ್ಟಿನ್‌ಗೆ ಬಗ್ಗದಂತೆ ಮಾಡುವ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಜೀನ್ ಚೀನಾದಲ್ಲಿ ಸಿಕ್ಕಿದೆ ಎಂಬ ಸುದ್ದಿ ಬಂದದ್ದು 2015ರಲ್ಲಿ. ನಮ್ಮ ಕೇಂದ್ರ ಸರ್ಕಾರ ಪ್ರಾಣಿಗಳಿಗೆ ಅದರ ಬಳಕೆ ನಿಷೇಧಿಸಿದ್ದು 2019ರ ಜುಲೈಯಲ್ಲಿ. ನಾಲ್ಕು ವರ್ಷ! ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಭಾಗವಾಗಬಲ್ಲ ಜೀವಿಯ ಎದುರು ನಾಲ್ಕು ವರ್ಷವೆಂದರೆ ಎಷ್ಟು ತಲೆಮಾರು ಎಂದು ನಾನು ಎಣಿಸಲು ಹೋಗಿಲ್ಲ. ಫಾರಂನ ಗೊಬ್ಬರ ಹೊಲಕ್ಕೆ, ಹೊಲದ ಕಾಳು ಗುಬ್ಬಿ ಪಾರಿವಾಳಕ್ಕೆ, ಸತ್ತ ಕೋಳಿ ನಾಯಿ ನರಿಗೆ. ಚಿಕನ್ ಅಂಗಡಿಯ ಹಿಂದಿನ ಡ್ರಮ್ಮಿನಲ್ಲಿ ಉಳಿದದ್ದು ಹದ್ದಿಗೆ.

ಇನ್ನು ನಮ್ಮ ಬೀದಿ. ನಿಟ್ಟುವಳ್ಳಿ ಹಳ್ಳಿಯಾಗಿದ್ದದ್ದು ಹೆಸರಿನಲ್ಲಿ ಮಾತ್ರ ಉಳಿದಿದೆ. ಈಗ ಮೆಡಿಕಲ್ ಸ್ಟೋರು, ಕ್ಲಿನಿಕ್ಕು, ಕಾರ್ಮಿಕರ ಇಎಸ್‌ಐ ಆಸ್ಪತ್ರೆ ಎಲ್ಲಾ ಇರುವ ಬಡಾವಣೆ. ಊರಿಗೆ ಎರಡೆರಡು ಮೆಡಿಕಲ್ ಕಾಲೇಜು. ಸುತ್ತಲಿನ ಜಿಲ್ಲೆಗಳ ರೋಗಿಗಳು ಬಸ್ಸು ಹತ್ತಿ ದಾವಣಗೆರೆಗೇ ಬರುತ್ತಾರೆ. ಅದು ನಮ್ಮ ಹೆಮ್ಮೆ. ಹೆಮ್ಮೆಯ ಜತೆಗೆ ಅಷ್ಟೂ ಜನರ ಅಷ್ಟೂ ಮಾತ್ರೆಯೂ ನಮ್ಮ ಚರಂಡಿಗೆ ಇಳಿಯುತ್ತದೆ. ನುಂಗಿದ ಆಂಟಿಬಯೋಟಿಕ್ಕಿನಲ್ಲಿ ದೊಡ್ಡ ಪಾಲು ಕರಗದೆ, ಕೆಡದೆ, ಮೈಯಿಂದ ಹಾಗೇ ಹೊರಗೆ ಹೋಗುವಂಥದ್ದು.

‘ಪವರಿಂದು ಕೊಡ್ರಿ, ನಾಳೆ ಕೆಲಸಕ್ಕೆ ಹೋಗ್ಬೇಕು’ ಎಂದು ಕೌಂಟರಿನ ಮುಂದೆ ನಿಲ್ಲುವವರನ್ನು ನೀನು ನೋಡಿಲ್ಲವೇ? ನೆಗಡಿಗೆ ಅಜಿಥ್ರೊಮೈಸಿನ್, ಭೇದಿಗೆ ನಾರ್‌ಫ್ಲಾಕ್ಸಾಸಿನ್, ಯಾತಕ್ಕೂ ಇರಲಿ ಎಂದು ಅಮಾಕ್ಸಿಸಿಲಿನ್. ಮೂರು ಗುಳಿಗೆ ನುಂಗಿ ಜ್ವರ ಬಿಟ್ಟರೆ ಉಳಿದದ್ದು ಮುಂದಿನ ಸಲಕ್ಕೆ ದೇವರ ಗೂಡಿನ ಪಕ್ಕದ ಡಬ್ಬಿಗೆ ಹೋಗುತ್ತದೆ, ತೀರ ಹಳೆಯದಾದರೆ ಕಸಕ್ಕೆ. ನೆಗಡಿ ತರುವುದು ವೈರಸ್ಸು. ಆಂಟಿಬಯೋಟಿಕ್ಕಿಗೂ ಅದಕ್ಕೂ ಸಂಬಂಧವೇ ಇಲ್ಲ. 2014ರಿಂದ ಶೆಡ್ಯೂಲ್ ಎಚ್-1 ಎಂಬ ಪಟ್ಟಿ ಜಾರಿಯಲ್ಲಿದೆ. ಅದರಲ್ಲಿರುವ ಮದ್ದು ಮಾರಿದರೆ ಅಂಗಡಿಯವರು ಬರೆದುಕೊಟ್ಟ ಡಾಕ್ಟರ ಹೆಸರು, ರೋಗಿಯ ಹೆಸರು ದಾಖಲಿಸಿ, ಆ ಪುಸ್ತಕವನ್ನು ಮೂರು ವರ್ಷ ಕಾಪಾಡಬೇಕು. 2016ರಿಂದ ಸ್ಟ್ರಿಪ್ಪಿನ ಮೇಲಿನ ಕೆಂಪು ಗೆರೆಯನ್ನು ನೋಡಿರಿ, ಡಾಕ್ಟರ ಚೀಟಿಯಿಲ್ಲದೆ ನುಂಗಬೇಡಿರಿ ಎಂದು ಪ್ರಚಾರವೂ ನಡೆಯಿತು. ಆ ಗೆರೆ ಈಗಲೂ ಇದೆ. ಕೈಗೆ ಬಂದ ಸ್ಟ್ರಿಪ್ಪನ್ನು ಕತ್ತರಿಯಿಂದ ಎರಡೆರಡು ಮಾತ್ರೆಗೆ ಕತ್ತರಿಸಿ ಕೊಡುವಾಗ ಗೆರೆಯೂ ಎರಡೆರಡು ತುಂಡಾಗುತ್ತದೆ.

ದಿನಗೂಲಿಯವನನ್ನು ದೂರಲು ನನಗೆ ಬಾಯಿಲ್ಲ. ಡಾಕ್ಟರ ಫೀಜು, ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯ ದುಡ್ಡು, ಎರಡು ದಿನದ ಕೂಲಿ ಎಲ್ಲಾ ಕೂಡಿದರೆ ಎರಡು ಮಾತ್ರೆಯೇ ಅಗ್ಗ. ಕಲ್ಚರ್ ವರದಿ ಬರಲು ಎರಡು ಮೂರು ದಿನ ಬೇಕು. ಅಷ್ಟು ದಿನ ಕಾಯುವ ಶಕ್ತಿ ರೋಗಿಗೂ ಇರುವುದಿಲ್ಲ, ಎದುರು ಬೆಂಚಿನ ತುಂಬ ಜನ ಕೂತಿರುವ ಡಾಕ್ಟರಿಗೂ ಇರುವುದಿಲ್ಲ.

ಚರಂಡಿಯ ಕತೆಯನ್ನು ಬಿಟ್ಟರೆ ಅರ್ಜಿ ಅರ್ಧವಾಗುತ್ತದೆ. ಕೊಳಚೆ ನೀರಿನಲ್ಲಿ ಮದ್ದೂ ಇದೆ, ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾವೂ ಇದೆ, ಇನ್ನೂ ಬಗ್ಗುವ ಕೋಟಿಗಟ್ಟಲೆ ಪಾಪದ ಬ್ಯಾಕ್ಟೀರಿಯಾವೂ ಇದೆ. ಮೂರೂ ಒಂದೇ ಕಡೆ ಕೂಡಿದಾಗ ಆಗುವುದೇ ಅಪಾಯದ ಕೆಲಸ. ನಿರೋಧಕತೆಯ ಜೀನುಗಳು ಬಹಳ ಸಲ ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಉಂಗುರದಲ್ಲಿ ಇರುತ್ತವೆ. ಎರಡು ಬ್ಯಾಕ್ಟೀರಿಯಾ ಅಕ್ಕಪಕ್ಕ ಬಂದರೆ ಒಂದು ಇನ್ನೊಂದಕ್ಕೆ ನಳಿಗೆ ಚಾಚಿ ಆ ಉಂಗುರದ ಪ್ರತಿಯನ್ನು ದಾಟಿಸುತ್ತದೆ. ಜಾತಿ ಬೇರೆಯಾದರೂ ಅಡ್ಡಿಯಿಲ್ಲ. ಒಂದೇ ಉಂಗುರದಲ್ಲಿ ನಾಲ್ಕೈದು ಔಷಧಗಳ ನಿರೋಧಕತೆ ಒಟ್ಟಿಗೇ ಕೂತಿರುವುದುಂಟು. ಹಾಗಾಗಿ ಒಂದು ಮದ್ದನ್ನು ಅತಿಯಾಗಿ ಬಳಸಿದರೆ ಮುಟ್ಟದ ಮದ್ದೂ ಕೈಬಿಡುತ್ತದೆ. ಚರಂಡಿಯಲ್ಲಿ ತಿಂದು, ಚರಂಡಿಯಲ್ಲಿ ಕುಡಿದು ಬದುಕುವ ಹೆಗ್ಗಣದ ಕರುಳಿನಲ್ಲೂ ಈ ಕೊಡುಕೊಳ್ಳುವಿಕೆ ನಡೆಯಬಲ್ಲದು.

ಬೆಂಗಳೂರಿನ ಕೊಳೆಯನ್ನೆಲ್ಲ ಹೊತ್ತ ವೃಷಭಾವತಿ ಹೋಗಿ ಸೇರುವ ರಾಮನಗರ ಸೀಮೆಯ ಬೈರಮಂಗಲ ಕೆರೆಯ ನೀರಿನಲ್ಲಿ ಹಲವು ಮದ್ದುಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಇರುವುದನ್ನು 2013ರಲ್ಲೇ ಬೆಂಗಳೂರಿನ ಸಂಶೋಧಕರು ಪ್ರಕಟಿಸಿದ್ದಾರೆ. ಆ ಕೆರೆಯಲ್ಲೂ ಬೆಳ್ಳಕ್ಕಿ ನಿಲ್ಲುತ್ತದೆ, ಎಮ್ಮೆ ಇಳಿಯುತ್ತದೆ. ನಮಗಿರುವುದು ಕುಂದವಾಡ ಕೆರೆ. ಅದು ಕುಡಿಯುವ ನೀರಿನ ಕೆರೆ, ಕೊಳಚೆಯದಲ್ಲ, ನಿನ್ನ ದಯೆ. ಇನ್ನೊಂದು ಪಾಲು ಹರಿಹರದ ಪಕ್ಕದ ರಾಜನಹಳ್ಳಿಯಿಂದ, ತುಂಗಭದ್ರೆಯಿಂದ ಬರುತ್ತದೆ. ಆ ಹೊಳೆ ನಮ್ಮವರೆಗೆ ಬರುವಷ್ಟರಲ್ಲಿ ಶಿವಮೊಗ್ಗ, ಭದ್ರಾವತಿಗಳ ಅಂಗಳ ಹಾದುಬಂದಿರುತ್ತದೆ. ನಮ್ಮ ಅಂಗಳ ಹಾದದ್ದು ಮುಂದಿನ ಊರಿನವರ ಪಾಲು. ಕೊಳಚೆ ಶುದ್ಧೀಕರಣ ಘಟಕವೆಂದರೆ ಬರೀ ಕೆಟ್ಟ ವಾಸನೆ ಹೋಗಲಾಡಿಸುವ ಯಂತ್ರವೆಂದು ನಮ್ಮ ಜನ ತಿಳಿದಿದ್ದಾರೆ. ಮದ್ದಿಗೆ ಬಗ್ಗದ ಜೀವಿಗಳ ಹರಿವನ್ನು ತಗ್ಗಿಸುವ ಕೈಗೆಟಕುವ ಕಟ್ಟೆಯೂ ಅದೇ.

ಹಕ್ಕಿಗಳಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಬೇಸಿಗೆಗೆ ಟಿಬೆಟ್ಟು, ಮಂಗೋಲಿಯಗಳ ಕಡೆ ಮರಳುತ್ತವೆ. ಜನವಸತಿ ವಿರಳವಾದ ಆರ್ಕ್ಟಿಕ್‌ನ ಹಕ್ಕಿಗಳಲ್ಲೂ ಬಹುಔಷಧ ನಿರೋಧಕ ಇ. ಕೋಲಿ ಸಿಕ್ಕದ್ದನ್ನು 2008ರಲ್ಲಿ ವರದಿ ಮಾಡಿದ ಮೇಲೆ, ದೂರ ಎಂಬ ಮಾತಿಗೆ ಈ ವಿಷಯದಲ್ಲಿ ಅರ್ಥ ಉಳಿದಿಲ್ಲ.

ಅವ್ವಾ, ಇಷ್ಟು ಕೇಳಿದ ಮೇಲೆ ನಿನ್ನ ಬಳಿಗೆ ಬೇರೆಯವರೂ ಬರುತ್ತಾರೆ. ಹದ್ದನ್ನು ಓಡಿಸು, ಬಾವಲಿಯ ಮರ ಕಡಿಸು, ಕೋತಿಗೆ ವಿಷ ಹಾಕಿಸು ಎಂದು ಬೇಡುತ್ತಾರೆ. ಅವರ ಮಾತಿಗೆ ಸೊಪ್ಪು ಹಾಕಬೇಡ. ರಣಹದ್ದುಗಳ ಕತೆ ಅವರಿಗೆ ನೆನಪು ಮಾಡು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್, ಸತ್ತ ದನವನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ, ಹತ್ತು ಹದಿನೈದು ವರ್ಷಗಳಲ್ಲಿ ದೇಶದ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚನ್ನು ಅಳಿಸಿಬಿಟ್ಟಿತು. 2006ರಲ್ಲಿ ಪಶುಗಳಿಗೆ ಆ ಔಷಧ ನಿಷೇಧವಾಗುವ ಹೊತ್ತಿಗೆ ತಡವಾಗಿತ್ತು. ರಾಮನಗರದ ಬೆಟ್ಟದಲ್ಲಿ ಉಳಿದ ಕೆಲವೇ ಜೋಡಿಗಳಿಗಾಗಿ 2012ರಲ್ಲಿ ಧಾಮ ಘೋಷಿಸಬೇಕಾಯಿತು. ಅವು ತಿನ್ನುತ್ತಿದ್ದ ಹೆಣಗಳು ನಾಯಿಗಳ ಪಾಲಾದವು, ನಾಯಿಗಳು ಹೆಚ್ಚಿದವು. ಅಲ್ಲೂ ನಾವು ಕೊಟ್ಟ ಮದ್ದೇ, ತಿಂದದ್ದು ಹಕ್ಕಿಯೇ. ಹದ್ದನ್ನು ಕೊಂದರೆ ಅದು ತಿನ್ನುತ್ತಿದ್ದ ಕರುಳು ಬೀದಿಯಲ್ಲೇ ಇರುತ್ತದೆ.

ನಾನು ಬೇಡುವುದು ಬೇರೆ. ಕೌಂಟರಿನ ಹಿಂದೆ ನಿಂತ ಹುಡುಗನಿಗೆ ‘ಚೀಟಿ ಇಲ್ಲದೆ ಕೊಡಂಗಿಲ್ಲ ಅಣ್ಣಾ’ ಎನ್ನುವ ಗಟ್ಟಿತನ ಕೊಡು, ಹಾಗೆಂದದ್ದಕ್ಕೆ ಗಿರಾಕಿ ಪಕ್ಕದ ಅಂಗಡಿಗೆ ಹೋಗದಂತೆ ಪಕ್ಕದ ಅಂಗಡಿಯವನಿಗೂ ಅದೇ ಗಟ್ಟಿತನ ಕೊಡು. ಕಲ್ಚರ್ ಪರೀಕ್ಷೆ ತಾಲೂಕು ಆಸ್ಪತ್ರೆಯಲ್ಲೂ ಬಿಟ್ಟಿಯಾಗಿ ಸಿಗಲಿ. ಹಸುವಿಗೆ ಕೆಚ್ಚಲು ಬಾವು ಬಂದಾಗ ಸೂಜಿ ಹಾಕಿಸಿದ ರೈತ, ಹೇಳಿದಷ್ಟು ದಿನ ಆ ಹಾಲನ್ನು ಡೈರಿಗೆ ಹಾಕದೆ ಇರುವಂತೆ, ಆ ನಷ್ಟವನ್ನು ಡೈರಿಯೂ ಸ್ವಲ್ಪ ಹೊರುವಂತೆ ಮಾಡು. ಕೋಳಿ ಕಂಪನಿಗಳವರ ವಿಷಯದಲ್ಲಿ ನನಗೆ ಪ್ರಾರ್ಥನೆಗಿಂತ ಇನ್‌ಸ್ಪೆಕ್ಟರ್ ಮೇಲೆ ನಂಬಿಕೆ ಹೆಚ್ಚು. ತಪ್ಪು ತಿಳಿಯಬೇಡ. ಮಟನ್, ಚಿಕನ್ ಅಂಗಡಿಗಳ ಕರುಳು, ಪುಕ್ಕಗಳನ್ನು ಮುಚ್ಚಿದ ಗಾಡಿ ದಿನಾ ಬಂದು ಒಯ್ಯಲಿ. ಮುಂದಿನ ನಿನ್ನ ಜಾತ್ರೆಯಲ್ಲಿ ಆ ಗಾಡಿಗಳು ಎರಡು ಪಟ್ಟು ಓಡಲಿ. ಗುಡಿಯ ಮುಂದಿನ ಕೋತಿಗೆ ಬಾಳೆಹಣ್ಣು, ಮಂಡಕ್ಕಿ ಎಸೆಯುವ ಭಕ್ತರಿಗೆ, ಅದು ಪುಣ್ಯವೆಂದು ನಂಬಿದವರಿಗೆ, ಬೇರೆ ಪುಣ್ಯದ ದಾರಿ ತೋರಿಸು. ಮಾತಿಗೆ ಅವರು ನಿಲ್ಲುವುದಿಲ್ಲ, ನಾನು ನೋಡಿದ್ದೇನೆ.

ಕೊನೆಯದೊಂದು ಸಣ್ಣ ಬೇಡಿಕೆ. ತೋಳಹುಣಸೆಯ ಶಿವಗಂಗೋತ್ರಿಯಲ್ಲಿ 2009ರಿಂದ ನಮ್ಮದೇ ದಾವಣಗೆರೆ ವಿಶ್ವವಿದ್ಯಾಲಯ ಇದೆ. ಅಲ್ಲಿ ಸೂಕ್ಷ್ಮಜೀವಿ ಶಾಸ್ತ್ರ ಓದುವ ಹುಡುಗಿಯೊಬ್ಬಳ ತಲೆಯಲ್ಲಿ ನೀನು ಹೋಗಿ ಕೂರಬೇಕು. ಅಂಬೊಸೆಲಿಯವರು ಕೋತಿಗಳಿಗೆ ಮಾಡಿದ್ದನ್ನು ಅವಳು ಇಲ್ಲಿ ಕಾಗೆ, ಹೆಗ್ಗಣಗಳಿಗೆ ಮಾಡಲಿ. ಒಂದು ಕಡೆ ನಿಟ್ಟುವಳ್ಳಿಯ ಚರಂಡಿ ದಂಡೆ, ಇನ್ನೊಂದು ಕಡೆ ಕುಂದವಾಡ ಕೆರೆಯ ಏರಿ, ಮೂರನೆಯದಾಗಿ ಜಗಳೂರು ಕಡೆಯ ರಂಗಯ್ಯನದುರ್ಗದ ಕೊಂಡುಕುರಿ ಕಾಡು. ಹಿಕ್ಕೆ ಹಸಿಯಾಗಿರುವಾಗಲೇ ಹತ್ತಿಕಡ್ಡಿಯಿಂದ ತೆಗೆದು, ಐಸಿನ ಡಬ್ಬಿಯಲ್ಲಿಟ್ಟು, ಅದೇ ದಿನ ತಟ್ಟೆಗೆ ಸವರಬೇಕು. ತಡವಾದರೆ ಲೆಕ್ಕ ಕೆಡುತ್ತದೆ. ಇದನ್ನು ಯಾರಾದರೂ ಅವಳಿಗೆ ಹೇಳಿಕೊಡಲಿ, ಬೇಕಾದರೆ ನಾನೇ ಹೋಗುತ್ತೇನೆ. ಮನೆಯವರು ‘ಕಾಗೆ ಹಿಕ್ಕೆ ಆರಿಸೋಕೆ ಎಂಎಸ್ಸಿ ಮಾಡ್ಸಿದ್ವಾ’ ಎಂದು ಕೇಳಿದರೆ ತಾಳಿಕೊಳ್ಳುವ ಕಸುವು ಅವಳಿಗಿರಲಿ. ಅಗಾರ್ ಪುಡಿಗೆ ಬರೆದ ಇಂಡೆಂಟು ವರ್ಷ ಮುಗಿಯುವ ಮೊದಲೇ ಪಾಸಾಗಲಿ. ಕಾಡಿನೊಳಗೆ ಹೋಗಿ ಮಾದರಿ ತರಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅವಳು ಅರ್ಜಿ ಹಿಡಿದು ಹೋದ ದಿನ ಸಹಿ ಹಾಕುವ ಸಾಹೇಬರು ರಜೆಯ ಮೇಲೆ ಇರದಂತೆ ನೋಡಿಕೋ, ಅವ್ವಾ.